ಮನೆಯ ಕಾರ್ಯಾಗಾರದಲ್ಲಿ ಚೈನ್‌ಸಾ ಹಾಗೂ ಸಣ್ಣ ಇಂಜಿನ್‌ಗಳ ದುರಸ್ತಿ: ಯಶವಂತನಗರ ಹಾಗೂ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸಂಡೂರು ತಾಲ್ಲೂಕಿನ ಯಶವಂತನಗರ ಹಾಗೂ ಸುತ್ತಲಿನ ಸಂಡೂರು, ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಭಾಗಗಳಲ್ಲಿ ಮನೆಯ ಜಗುಲಿ, ಹಿತ್ತಲು ಅಥವಾ ತಗಡಿನ ಶೆಡ್ಡಿನಲ್ಲಿ ಸಣ್ಣ ಇಂಜಿನ್‌ಗಳನ್ನು ದುರಸ್ತಿ ಮಾಡುವವರಿಗೆ ಹಾಗೂ ಈ ಕಸುಬನ್ನು ಹೊಸದಾಗಿ ಆರಂಭಿಸಲು ಬಯಸುವವರಿಗೆ ಅನುಕೂಲವಾಗಲೆಂದು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದರಲ್ಲಿ ದುರಸ್ತಿಯ ಕ್ರಮ, ಸುರಕ್ಷತೆ, ಪೆಟ್ರೋಲ್ ಹಾಗೂ ವಿದ್ಯುತ್ ಬಳಕೆಯ ನಿಯಮ, ನೋಂದಣಿ, ಸಾಲ ಮತ್ತು ತರಬೇತಿಯ ವಿವರಗಳನ್ನು ನೀಡಲಾಗಿದೆ.

ಸಣ್ಣ ಇಂಜಿನ್ ಕೆಡಲು ಬಹುಮಟ್ಟಿಗೆ ಧೂಳು, ತಪ್ಪು ಅಥವಾ ಹಳೆಯ ಇಂಧನ ಮತ್ತು ಮೊಂಡಾದ ಸರಪಳಿ ಎಂಬ ಮೂರೇ ಕಾರಣಗಳಿರುತ್ತವೆ. ಇವು ಮೂರನ್ನೂ ಮನೆಯಲ್ಲಿಯೇ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು. ಆದರೆ ಯಂತ್ರದ ಸುರಕ್ಷತಾ ಭಾಗಗಳನ್ನು ಕಳಚಿ ಕೊಡುವ ದುರಸ್ತಿಯು ದುರಸ್ತಿಯೆನಿಸದು; ಅದರಿಂದ ಬಳಸುವವರ ಪ್ರಾಣಕ್ಕೇ ಅಪಾಯವಿದೆ.

1. ಈ ಭಾಗದಲ್ಲಿ ಬಳಕೆಯಲ್ಲಿರುವ ಯಂತ್ರಗಳು

(ಅ) ಚೈನ್‌ಸಾ: ಬಳ್ಳಾರಿ ಜಾಲಿ ಕಡಿಯಲು, ತೋಟದ ಒಣಮರ ತೆಗೆಯಲು ಹಾಗೂ ಮಳೆಗಾಳಿಗೆ ರಸ್ತೆಗೆ ಬಿದ್ದ ಮರಗಳನ್ನು ತೆರವುಗೊಳಿಸಲು ಬಳಸಲಾಗುತ್ತದೆ.

(ಆ) ಬ್ರಶ್ ಕಟರ್: ಬಾಳೆ, ತೆಂಗು, ದಾಳಿಂಬೆ, ಅಂಜೂರದ ತೋಟಗಳಲ್ಲಿ ಹಾಗೂ ಬದುಗಳ ಮೇಲೆ ಕಳೆ ಕತ್ತರಿಸಲು ಬಳಕೆಯಾಗುತ್ತದೆ.

(ಇ) ಪವರ್ ಸ್ಪ್ರೇಯರ್: ಹತ್ತಿ, ಮೆಣಸಿನಕಾಯಿ ಹಾಗೂ ಕಂಪ್ಲಿ ಭಾಗದ ಭತ್ತದ ಗದ್ದೆಗಳಲ್ಲಿ ಔಷಧಿ ಸಿಂಪಡಿಸಲು ಬಳಕೆಯಾಗುತ್ತದೆ.

(ಈ) ಸಣ್ಣ ಪಂಪ್‌ಸೆಟ್ ಹಾಗೂ ಜನರೇಟರ್: ಹಳ್ಳ, ಕಾಲುವೆ, ಕೃಷಿ ಹೊಂಡಗಳಿಂದ ನೀರೆತ್ತಲು ಮತ್ತು ವಿದ್ಯುತ್ ಇಲ್ಲದ ವೇಳೆ ಬಳಸಲಾಗುತ್ತದೆ.

ಚೈನ್‌ಸಾ ಹಾಗೂ ಬಹುತೇಕ ಬ್ರಶ್ ಕಟರ್‌ಗಳು ಟೂ ಸ್ಟ್ರೋಕ್ ಇಂಜಿನ್ ಹೊಂದಿದ್ದು, ಅವುಗಳಿಗೆ ಪೆಟ್ರೋಲ್‌ನೊಂದಿಗೆ 2ಟಿ ಆಯಿಲ್ ಬೆರೆಸತಕ್ಕದ್ದು. ಪಂಪ್‌ಸೆಟ್ ಹಾಗೂ ಜನರೇಟರ್‌ಗಳು ಸಾಮಾನ್ಯವಾಗಿ ಫೋರ್ ಸ್ಟ್ರೋಕ್ ಆಗಿದ್ದು, ಅವುಗಳಲ್ಲಿ ಆಯಿಲ್ ಪ್ರತ್ಯೇಕವಾಗಿರುತ್ತದೆ. ಯಂತ್ರವನ್ನು ಸ್ವೀಕರಿಸುವಾಗಲೇ ಅದು ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕರ್ತವ್ಯವಾಗಿರುತ್ತದೆ.

2. ಯಂತ್ರ ಕೆಡಲು ಮುಖ್ಯ ಕಾರಣಗಳು

2.1 ಧೂಳು: ಹೊಸಪೇಟೆ–ಸ್ವಾಮಿಹಳ್ಳಿ ರೈಲು ಮಾರ್ಗದ ಊರಾದ ಯಶವಂತನಗರದ ಸುತ್ತ ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರಿನ ಗಣಿಗಳಿವೆ. ಅದಿರು ಸಾಗಣೆಯಿಂದ ಏಳುವ ಕೆಂಪು ಧೂಳು ಬೇಸಿಗೆಯಲ್ಲಿ ಗಿಡದ ಎಲೆ, ಮನೆಯ ಮಾಡು, ಯಂತ್ರ ಎಲ್ಲದರ ಮೇಲೂ ಕೂರುತ್ತದೆ. ಅದಿರಿನ ಕಣ ಗಟ್ಟಿ, ಇಂಜಿನ್ನಿನ ಅಲ್ಯೂಮಿನಿಯಂ ಪಿಸ್ಟನ್ ಮೃದು. ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ಈ ಕಣಗಳು ಒಳಹೊಕ್ಕು ಪಿಸ್ಟನ್ ಹಾಗೂ ಸಿಲಿಂಡರನ್ನು ಉಜ್ಜಿ ಸವೆಸುತ್ತವೆ. ಫಿಲ್ಟರ್ ಧೂಳಿನಿಂದ ತುಂಬಿಕೊಂಡರೆ ಗಾಳಿ ಕಡಿಮೆಯಾಗಿ ಇಂಜಿನ್ ಕಪ್ಪು ಹೊಗೆಯುಗುಳಿ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ಭಾಗದಲ್ಲಿ ಏರ್ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಕಾಯದೆ, ಕೆಲಸ ಮಾಡಿದ ಪ್ರತಿ ದಿನವೂ ತೆಗೆದು ನೋಡುವುದು ಸೂಕ್ತ.

2.2 ಇಂಧನ: 2ಟಿ ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ; ಹೆಚ್ಚಾದರೆ ಸೈಲೆನ್ಸರ್ ಕರಿ ಕಟ್ಟುತ್ತದೆ. ಪ್ರಮಾಣವನ್ನು ಯಂತ್ರದ ಕೈಪಿಡಿಯಂತೆಯೇ ಅನುಸರಿಸತಕ್ಕದ್ದು. 50:1 ಎಂದಿದ್ದಲ್ಲಿ 1 ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಹಾಗೂ 5 ಲೀಟರ್‌ಗೆ 100 ಮಿ.ಲೀ., 25:1 ಎಂದಿದ್ದಲ್ಲಿ 1 ಲೀಟರ್‌ಗೆ 40 ಮಿ.ಲೀ. ಹಾಗೂ 5 ಲೀಟರ್‌ಗೆ 200 ಮಿ.ಲೀ. ಆಯಿಲ್ ಬೇಕಾಗುತ್ತದೆ. ಬಾಟಲಿಯ ಮುಚ್ಚಳದಿಂದ ಅಂದಾಜಿಗೆ ಸುರಿಯುವ ರೂಢಿಯನ್ನು ಬಿಟ್ಟು ಅಳತೆಯ ಪಾತ್ರೆಯನ್ನು ಬಳಸತಕ್ಕದ್ದು.

ದೇಶದಲ್ಲಿ 2025ರ ವೇಳೆಗೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಅನೇಕ ಸಣ್ಣ ಯಂತ್ರಗಳ ಕೈಪಿಡಿಗಳಲ್ಲಿ ಎಥನಾಲ್ ಪ್ರಮಾಣ ಶೇ. 10ನ್ನು ಮೀರಬಾರದೆಂದು ಹೇಳಲಾಗಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶ ಹೆಚ್ಚಾದಾಗ ಪೆಟ್ರೋಲ್‌ನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಅದಕ್ಕೆ ಹೊಂದದ ಹಳೆಯ ರಬ್ಬರ್ ಪೈಪು ಹಾಗೂ ಕಾರ್ಬೊರೇಟರ್‌ನ ಪರದೆಗಳು ಉಬ್ಬುತ್ತವೆ ಅಥವಾ ಗಡುಸಾಗುತ್ತವೆ. ಆದ ಕಾರಣ ಬೇಕಾದಷ್ಟೇ ಇಂಧನ ಬೆರೆಸುವುದು, ಬೆರೆಸಿದ್ದನ್ನು ಒಂದು ತಿಂಗಳೊಳಗೆ ಬಳಸುವುದು, ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು ಅವಶ್ಯ. ಹೊಸ ಯಂತ್ರ ಖರೀದಿಸುವವರು ಎಥನಾಲ್ ಮಿತಿಯನ್ನು ಮಾರಾಟಗಾರರಿಂದ ಕೇಳಿ ತಿಳಿಯುವುದು.

2.3 ಮೊಂಡಾದ ಸರಪಳಿ: 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿಯ ಕಟ್ಟಿಗೆ ಬಹು ಗಟ್ಟಿ. ಅದರ ತೊಗಟೆಯಲ್ಲಿ ಮಣ್ಣು, ಬುಡದಲ್ಲಿ ಕಲ್ಲು, ಬೇಲಿಯಲ್ಲಿ ಬೆಳೆದ ಮರದಲ್ಲಿ ಹಳೆಯ ತಂತಿ ಮತ್ತು ಮೊಳೆ ಸಿಗುತ್ತವೆ. ಮೊಂಡಾದ ಸರಪಳಿಯನ್ನು ಒತ್ತಿ ಕೊಯ್ದಾಗ ಇಂಜಿನ್, ಬಾರ್ ಹಾಗೂ ಕ್ಲಚ್ ಮೂರೂ ಕಾಯುತ್ತವೆ. "ಇಂಜಿನ್‌ಗೆ ಪವರ್ ಇಲ್ಲ" ಎಂಬ ದೂರಿನೊಂದಿಗೆ ಬರುವ ಯಂತ್ರದಲ್ಲಿ ಇಂಜಿನ್ನಿಗೆ ಕೈಹಾಕುವ ಮೊದಲು ಸರಪಳಿಯನ್ನು ನೋಡತಕ್ಕದ್ದು. ಕೊಯ್ಯುವಾಗ ಚಕ್ಕೆ ಬಾರದೆ ಹಿಟ್ಟಿನಂತಹ ಪುಡಿ ಬರುತ್ತಿದ್ದರೆ ಸರಪಳಿ ಮೊಂಡಾಗಿದೆಯೆಂದೇ ಅರ್ಥ.

3. ಇಂಜಿನ್ ಚಾಲನೆಯಾಗದಿದ್ದಲ್ಲಿ ಪರಿಶೀಲಿಸಬೇಕಾದ ಕ್ರಮ

ಈ ಕೆಳಕಂಡ ಕ್ರಮವನ್ನು ತಪ್ಪಿಸದೆ ಅನುಸರಿಸಿದಲ್ಲಿ ಸಮಯ ಹಾಗೂ ಬಿಡಿಭಾಗದ ಖರ್ಚು ಎರಡೂ ಉಳಿಯುತ್ತವೆ.

(1) ಸ್ವಿಚ್ ಹಾಗೂ ಚೋಕ್ ಸರಿಯಾದ ಸ್ಥಾನದಲ್ಲಿವೆಯೇ ಎಂದು ನೋಡುವುದು.

(2) ಟ್ಯಾಂಕಿನ ಹಳೆಯ ಇಂಧನವನ್ನು ಗಾಜಿನ ಪಾತ್ರೆಗೆ ತೆಗೆದು ನೋಡುವುದು. ತಳದಲ್ಲಿ ಬೇರೆ ಪದರ ಕಂಡರೆ ಅಥವಾ ವಾರ್ನಿಷ್‌ನಂತಹ ವಾಸನೆ ಬಂದರೆ ಬದಲಾಯಿಸುವುದು.

(3) ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು. ಒದ್ದೆಯಾಗಿದ್ದರೆ ಇಂಧನ ಹೆಚ್ಚಾಗಿದೆ ಅಥವಾ ಕಿಡಿ ಇಲ್ಲ. ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಕಂದು ಬಣ್ಣವಿದ್ದರೆ ಸರಿಯಾಗಿದೆ. ಬಹುತೇಕ ಚೈನ್‌ಸಾಗಳಲ್ಲಿ ಪ್ಲಗ್ಗಿನ ಅಂತರ 0.5 ಮಿ.ಮೀ. ಇರುತ್ತದೆ. ಕಿಡಿ ಪರೀಕ್ಷಿಸುವಾಗ ಪೆಟ್ರೋಲ್ ಡಬ್ಬಿಯನ್ನು ದೂರವಿಟ್ಟು, ಪ್ಲಗ್ಗಿನ ಲೋಹಭಾಗವನ್ನು ಸಿಲಿಂಡರ್‌ಗೆ ತಾಗಿಸಿ, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಹಿಡಿಯತಕ್ಕದ್ದು.

(4) ಏರ್ ಫಿಲ್ಟರ್, ಟ್ಯಾಂಕಿನೊಳಗಿನ ಇಂಧನ ಫಿಲ್ಟರ್ ಹಾಗೂ ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ರಂಧ್ರವನ್ನು ಪರಿಶೀಲಿಸುವುದು. ಈ ರಂಧ್ರ ಕಟ್ಟಿಕೊಂಡರೆ ಇಂಜಿನ್ ಚಾಲನೆಯಾಗಿ ಕೆಲ ನಿಮಿಷಗಳ ನಂತರ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದೊಡನೆ ಮತ್ತೆ ಓಡುತ್ತದೆ.

(5) ಸೈಲೆನ್ಸರ್ ತೆಗೆದು ಕಿಡಿ ತಡೆಯುವ ಜಾಲರಿಯಲ್ಲಿ ಕರಿ ಕಟ್ಟಿದೆಯೇ ಎಂದು ನೋಡಿ ಶುಚಿಗೊಳಿಸುವುದು. ಅದೇ ರಂಧ್ರದ ಮೂಲಕ ಪಿಸ್ಟನ್ನಿನ ಮೇಲ್ಮೈ ಕಾಣುತ್ತದೆ. ಸೈಲೆನ್ಸರ್ ಬದಿಯಲ್ಲಿ ಉದ್ದನೆಯ ಗೀರುಗಳಿದ್ದರೆ ಆಯಿಲ್ ಕೊರತೆ ಅಥವಾ ಅತಿ ಶಾಖ ಸಾಮಾನ್ಯ ಕಾರಣ. ಕಾರ್ಬೊರೇಟರ್ ಬದಿಯಲ್ಲಿ ಸವೆತವಿದ್ದರೆ ಧೂಳು ಒಳಹೋಗಿರುವ ಸಂಭವ ಹೆಚ್ಚು.

(6) ಇಂಜಿನ್ನಿನ ಒತ್ತಡ ಪರೀಕ್ಷಿಸುವುದು. ಮಾಪಕ ಇಲ್ಲದಿದ್ದಲ್ಲಿ ಸ್ವಿಚ್ ಆರಿಸಿ, ಸರಪಳಿ ಮತ್ತು ಬಾರ್ ತೆಗೆದು, ಯಂತ್ರವನ್ನು ಸ್ಟಾರ್ಟರ್ ಹಗ್ಗದ ಹಿಡಿಯಿಂದ ನೆಲಕ್ಕೆ ಸಮೀಪದಲ್ಲಿ ತೂಗುಬಿಡುವುದು. ತಡೆತಡೆದು ಇಳಿದರೆ ಒತ್ತಡವಿದೆ. ಸರ್ರನೆ ಇಳಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿರುತ್ತದೆ.

(7) ಮೇಲ್ಕಂಡ ಎಲ್ಲವೂ ಸರಿಯಿದ್ದಲ್ಲಿ ಮಾತ್ರ ಕಾರ್ಬೊರೇಟರ್ ಬಿಚ್ಚತಕ್ಕದ್ದು. ಪರದೆ ಗಡುಸಾಗಿದ್ದರೆ ಅದೇ ಮಾದರಿಯ ಕಿಟ್ ಹಾಕುವುದು. ಸೂಕ್ಷ್ಮ ರಂಧ್ರಗಳಿಗೆ ಉಕ್ಕಿನ ತಂತಿ ತೂರಿಸಬಾರದು.

ಅಂತಿಮವಾಗಿ, ಆಕ್ಸಿಲರೇಟರ್ ಬಿಟ್ಟಾಗ ಸರಪಳಿಯು ಸಂಪೂರ್ಣವಾಗಿ ನಿಲ್ಲುವಂತೆ ನಿಧಾನಗತಿಯನ್ನು ಹೊಂದಿಸುವುದು ಕಡ್ಡಾಯ. ನಿಧಾನಗತಿಯಲ್ಲಿಯೂ ಸರಪಳಿ ತಿರುಗುವ ಯಂತ್ರವನ್ನು ಮಾಲೀಕರಿಗೆ ಹಿಂತಿರುಗಿಸಬಾರದು.

ಕ್ರ್ಯಾಂಕ್ ಬೇರಿಂಗ್ ಬದಲಾವಣೆ, ಒಡೆದ ಕವಚಕ್ಕೆ ಬೆಸುಗೆ ಮುಂತಾದವು ವಿಶೇಷ ಸಲಕರಣೆ ಬೇಡುತ್ತವೆ. ಇಂತಹ ಯಂತ್ರಗಳನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಕಳುಹಿಸುವುದು ಉತ್ತಮ. ದುರಸ್ತಿಯ ಅಂದಾಜು ಯಂತ್ರದ ಈಗಿನ ಬೆಲೆಯ ಅರ್ಧವನ್ನು ಮೀರುವಂತಿದ್ದರೆ ಕೆಲಸ ಆರಂಭಿಸುವ ಮೊದಲೇ ಮಾಲೀಕರಿಗೆ ತಿಳಿಸುವುದು.

4. ಸರಪಳಿ ಹರಿತಗೊಳಿಸುವಿಕೆ

ಸರಪಳಿಯ ಪಿಚ್‌ಗೆ ತಕ್ಕ ದುಂಡು ಅರವನ್ನು ಬಳಸತಕ್ಕದ್ದು. ಸಾಮಾನ್ಯವಾಗಿ 3/8 ಇಂಚಿನ ಗಿಡ್ಡ ಹಲ್ಲಿನ ಸರಪಳಿಗೆ 4.0 ಮಿ.ಮೀ., 0.325 ಇಂಚಿನ ಸರಪಳಿಗೆ 4.8 ಮಿ.ಮೀ., 3/8 ಇಂಚಿನ ಸರಪಳಿಗೆ ತಯಾರಕರನ್ನು ಅನುಸರಿಸಿ 5.2 ಅಥವಾ 5.5 ಮಿ.ಮೀ. ಅರ ಬೇಕಾಗುತ್ತದೆ. ಪಿಚ್ ಅಳತೆ ಬಾರ್ ಮೇಲೆ ಅಚ್ಚಾಗಿರುತ್ತದೆ.

ಬಹುತೇಕ ಸರಪಳಿಗಳಲ್ಲಿ 30 ಡಿಗ್ರಿ ಓರೆಯಲ್ಲಿ, ಹಲ್ಲಿನ ಒಳಬದಿಯಿಂದ ಹೊರಬದಿಗೆ ಮಾತ್ರ ಅರ ಹಾಕತಕ್ಕದ್ದು. ಎಲ್ಲಾ ಹಲ್ಲುಗಳಿಗೂ ಸಮನಾದ ಎಳೆತಗಳಿರಲಿ. ಒಂದು ಬದಿಯ ಹಲ್ಲು ಗಿಡ್ಡವಾದರೆ ಯಂತ್ರವು ವಾರೆಯಾಗಿ ಕೊಯ್ಯುತ್ತದೆ. ಹಲ್ಲಿನ ಮುಂದಿರುವ ಆಳ ನಿಯಂತ್ರಕ ಗುಬ್ಬಿಯು ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿ.ಮೀ. ತಗ್ಗಿನಲ್ಲಿರಬೇಕು. ಬೇಗ ಕೊಯ್ಯಲೆಂದು ಗುಬ್ಬಿಯನ್ನು ಇನ್ನೂ ತಗ್ಗಿಸಿದರೆ ಯಂತ್ರವು ಬಳಸುವವರ ಮುಖದತ್ತ ಸಿಡಿಯುವ ಅಪಾಯ ಹೆಚ್ಚುತ್ತದೆ.

ಬಾರ್‌ಗೆ ಆಯಿಲ್ ಬರುವ ರಂಧ್ರವನ್ನು ಶುಚಿಗೊಳಿಸುವುದು ಹಾಗೂ ಸವೆತ ಸಮನಾಗಲು ಬಾರನ್ನು ಆಗಾಗ ತಿರುವಿ ಹಾಕುವುದು. ವಾಹನಗಳಿಂದ ತೆಗೆದ ಹಳೆಯ ಇಂಜಿನ್ ಆಯಿಲನ್ನು ಸರಪಳಿಗೆ ಬಳಸಬಾರದು. ಅದರಲ್ಲಿನ ಲೋಹದ ಪುಡಿ ಪಂಪನ್ನು ಸವೆಸುವುದಲ್ಲದೆ ಚರ್ಮಕ್ಕೂ ಹಾನಿಕರ.

5. ಪಂಪ್‌ಸೆಟ್ ಹಾಗೂ ಸ್ಪ್ರೇಯರ್‌ಗಳ ಬಗ್ಗೆ ವಿಶೇಷ ಸೂಚನೆ

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಯಂತ್ರವನ್ನು ಸಮತಟ್ಟಾಗಿಟ್ಟು ಆಯಿಲ್ ಮಟ್ಟ ನೋಡತಕ್ಕದ್ದು. ಹೊಸ ಇಂಜಿನ್ನಿಗೆ ಸಾಮಾನ್ಯವಾಗಿ ಮೊದಲ 20 ಗಂಟೆಗಳ ಬಳಕೆಯ ನಂತರ, ಆಮೇಲೆ ಕೈಪಿಡಿಯಂತೆ ಆಯಿಲ್ ಬದಲಾಯಿಸುವುದು. ಆಯಿಲ್ ಕಡಿಮೆಯಾದಾಗ ತಾನಾಗಿ ನಿಲ್ಲುವ ವ್ಯವಸ್ಥೆಯುಳ್ಳ ಇಂಜಿನ್ ಚಾಲನೆಯಾಗದಿದ್ದಲ್ಲಿ ಮೊದಲು ಆಯಿಲನ್ನೇ ನೋಡುವುದು. ಆ ವ್ಯವಸ್ಥೆಯ ತಂತಿಯನ್ನು ಕತ್ತರಿಸಬಾರದು.

ದುರಸ್ತಿಗೆ ಬರುವ ಸ್ಪ್ರೇಯರ್‌ನಲ್ಲಿ ಕೀಟನಾಶಕದ ಉಳಿಕೆ ಇರುತ್ತದೆ. ಇಂತಹ ಅನೇಕ ಔಷಧಿಗಳು ಚರ್ಮದ ಮೂಲಕವೂ ದೇಹವನ್ನು ಸೇರುತ್ತವೆ. ಟ್ಯಾಂಕನ್ನು ಹೊಲದಲ್ಲಿಯೇ ಮೂರು ಬಾರಿ ತೊಳೆದು ತರುವಂತೆ ಮಾಲೀಕರಿಗೆ ಮೊದಲೇ ತಿಳಿಸುವುದು. ಕೈಗವಸು ಧರಿಸದೆ ಬಿಚ್ಚಬಾರದು; ಕೊಳವೆ ಕಟ್ಟಿಕೊಂಡಿದ್ದಲ್ಲಿ ಬಾಯಿಂದ ಊದಬಾರದು. ಅಡುಗೆ ಮನೆ, ನೀರಿನ ತೊಟ್ಟಿ ಹಾಗೂ ದನಕರುಗಳ ಬಳಿ ಈ ಕೆಲಸ ಸಲ್ಲದು.

6. ಸುರಕ್ಷತೆ

(ಅ) ಚೈನ್ ಬ್ರೇಕ್, ಮುಂಭಾಗದ ಕೈ ರಕ್ಷಕ, ತುಂಡಾದ ಸರಪಳಿಯನ್ನು ಹಿಡಿಯುವ ಕೊಕ್ಕೆ, ಆಕ್ಸಿಲರೇಟರ್ ಲಾಕ್ ಹಾಗೂ ಬ್ರಶ್ ಕಟರ್‌ನ ಅಲಗಿನ ಮರೆ ಇವುಗಳಲ್ಲಿ ಒಂದನ್ನೂ ತೆಗೆಯಬಾರದು. "ಅಡ್ಡಿಯಾಗುತ್ತದೆ, ತೆಗೆದುಬಿಡಿ" ಎಂದು ಮಾಲೀಕರು ಕೇಳಿದರೂ ಒಪ್ಪಬಾರದು.

(ಆ) ಸರಪಳಿ ಅಥವಾ ಅಲಗನ್ನು ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚತಕ್ಕದ್ದು.

(ಇ) ಮುಚ್ಚಿದ ಕೋಣೆಯಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಉಸಿರಾಡುವವರು ಎಚ್ಚರ ತಪ್ಪುವವರೆಗೂ ಅದು ತಿಳಿಯುವುದಿಲ್ಲ.

(ಈ) ಪರೀಕ್ಷಾ ಚಾಲನೆಯ ವೇಳೆ ಕನ್ನಡಕ, ಕಿವಿ ರಕ್ಷಕ ಹಾಗೂ ಗಟ್ಟಿ ಪಾದರಕ್ಷೆ ಧರಿಸುವುದು. ಲುಂಗಿ, ಪಂಚೆ, ಸಡಿಲ ಉಡುಪು ಸಲ್ಲದು. ಮಕ್ಕಳನ್ನು ಕೆಲಸದ ಜಾಗದಿಂದ ದೂರವಿಡುವುದು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ನೇಮಿಸಿಕೊಳ್ಳುವುದು ಅಪರಾಧವಾಗಿದೆ.

7. ಮನೆಯಲ್ಲಿ ಪೆಟ್ರೋಲ್, ವಿದ್ಯುತ್ ಹಾಗೂ ಹಳೆಯ ಎಣ್ಣೆ

7.1 ಪೆಟ್ರೋಲ್: ಪೆಟ್ರೋಲಿಯಂ ಅಧಿನಿಯಮ, 1934ರ 8ನೇ ಪ್ರಕರಣದಂತೆ ಮಾರಾಟದ ಉದ್ದೇಶವಿಲ್ಲದೆ ಒಟ್ಟು 30 ಲೀಟರ್ ಮೀರದಷ್ಟು ಪೆಟ್ರೋಲನ್ನು ಪರವಾನಗಿ ಇಲ್ಲದೆ ಇರಿಸಿಕೊಳ್ಳಬಹುದು. ಅದನ್ನು ಭದ್ರವಾದ ಮುಚ್ಚಳವುಳ್ಳ ಪಾತ್ರೆಯಲ್ಲಿಯೇ ಇಡಬೇಕು. ಲೋಹದ ಪಾತ್ರೆ 25 ಲೀಟರ್, ಗಾಜು ಅಥವಾ ಪಿಂಗಾಣಿಯ ಪಾತ್ರೆ 1 ಲೀಟರ್ ಮೀರಿರಬಾರದು. ಮನೆಯ ಕಾರ್ಯಾಗಾರಕ್ಕೆ 5 ಲೀಟರ್‌ಗಿಂತ ಹೆಚ್ಚು ಬೇಕಾಗುವ ಸಂದರ್ಭ ವಿರಳ. ಒಲೆ, ದೇವರ ದೀಪ ಹಾಗೂ ಬೆಸುಗೆಯ ಜಾಗದಿಂದ ದೂರವಿಡತಕ್ಕದ್ದು. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡಬಾರದು.

7.2 ವಿದ್ಯುತ್: ಗೃಹಬಳಕೆಯ ಸಂಪರ್ಕದಿಂದ ವ್ಯಾಪಾರದ ಕೆಲಸ ನಡೆಸುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ 126ನೇ ಪ್ರಕರಣದಡಿ ಅನಧಿಕೃತ ಬಳಕೆಯಾಗಬಹುದು. 2023ರ ಜುಲೈನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಸೌಲಭ್ಯವೂ ಗೃಹಬಳಕೆಗೆ ಮಾತ್ರ. ಗ್ರೈಂಡರ್, ಕಂಪ್ರೆಸರ್ ಬಳಸುವವರು ಪ್ರತ್ಯೇಕ ಸಂಪರ್ಕಕ್ಕಾಗಿ ಜೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸುವುದು.

7.3 ಹಳೆಯ ಎಣ್ಣೆ: ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಚರಂಡಿ, ಹಳ್ಳ ಅಥವಾ ನೆಲಕ್ಕೆ ಸುರಿಯದೆ ಡಬ್ಬಿಯಲ್ಲಿ ಶೇಖರಿಸಿ, ಅಧಿಕೃತವಾಗಿ ಸಂಗ್ರಹಿಸುವವರಿಗೆ ನೀಡುವುದು.

8. ರಶೀದಿ ಮತ್ತು ವಹಿ

ಪ್ರತಿ ಯಂತ್ರಕ್ಕೂ ಮಾಲೀಕರ ಹೆಸರು, ಊರು, ಯಂತ್ರದ ಮಾದರಿ, ಕ್ರಮಸಂಖ್ಯೆ, ತಂದ ದಿನ, ದೂರು, ಅಂದಾಜು ಮೊತ್ತ ಮತ್ತು ಹಿಂತಿರುಗಿಸಿದ ದಿನವನ್ನು ವಹಿಯಲ್ಲಿ ಬರೆದು ರಶೀದಿ ನೀಡತಕ್ಕದ್ದು. ಇದಕ್ಕೆ ಮುಖ್ಯವಾದ ಕಾರಣವಿದೆ. ಕರ್ನಾಟಕ ಅರಣ್ಯ ಅಧಿನಿಯಮ, 1963ರಡಿ ಅರಣ್ಯ ಅಪರಾಧಕ್ಕೆ ಬಳಸಿದ ಸಲಕರಣೆಗಳನ್ನು ವಶಪಡಿಸಿಕೊಳ್ಳಲು ಅವಕಾಶವಿದೆ. ದುರಸ್ತಿಗೆ ಬಂದ ಚೈನ್‌ಸಾ ಯಾರದೆಂಬ ದಾಖಲೆ ಇಲ್ಲದಿದ್ದಲ್ಲಿ ದುರಸ್ತಿಗಾರರೇ ಉತ್ತರಿಸಬೇಕಾದ ಸಂದರ್ಭ ಬರಬಹುದು. ದುರಸ್ತಿಗೆ ಬಂದ ಯಂತ್ರವನ್ನು ಮಾಲೀಕರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಬಾಡಿಗೆಗೆ ಕೊಡಬಾರದು.

ಬಂದ ಹಣ, ಬಿಡಿಭಾಗದ ಖರ್ಚು ಹಾಗೂ ತಮ್ಮ ಸ್ವಂತ ಕೂಲಿ ಎಂದು ಮೂರು ಅಂಕಣಗಳಲ್ಲಿ ಲೆಕ್ಕ ಬರೆಯುವುದು ಒಳ್ಳೆಯದು. ಸ್ವಂತ ಕೂಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ನಷ್ಟದ ಕೆಲಸವೂ ಲಾಭದಂತೆ ತೋರುತ್ತದೆ. ಸಾಲದ ಅರ್ಜಿಗೂ ಈ ವಹಿಯೇ ಆಧಾರವಾಗುತ್ತದೆ.

9. ನೋಂದಣಿ, ಸಾಲ ಹಾಗೂ ತರಬೇತಿ

9.1 ಸ್ಥಳೀಯ ಅನುಮತಿ: ಯಂತ್ರ ಅಳವಡಿಸಿ ವೃತ್ತಿ ನಡೆಸುವವರು ಗ್ರಾಮಗಳಲ್ಲಿ ಆಯಾ ಗ್ರಾಮ ಪಂಚಾಯಿತಿ, ಸಂಡೂರು ಹಾಗೂ ಕಂಪ್ಲಿ ಪಟ್ಟಣಗಳಲ್ಲಿ ಪುರಸಭೆ, ಹೊಸಪೇಟೆಯಲ್ಲಿ ನಗರಸಭೆಯಿಂದ ಅನುಮತಿ ಪಡೆಯತಕ್ಕದ್ದು. ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೇ ಕೇಳಿ ಪಡೆಯುವುದು.

9.2 ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಆನ್‌ಲೈನ್ ಮೂಲಕ ಮಾಡಬಹುದಾಗಿದ್ದು, ಸರ್ಕಾರಕ್ಕೆ ಯಾವುದೇ ಶುಲ್ಕ ಪಾವತಿಸಬೇಕಾಗಿಲ್ಲ. ಆಧಾರ್ ಹಾಗೂ ಪ್ಯಾನ್ ಅವಶ್ಯ. ಸರ್ಕಾರಿ ಶುಲ್ಕವೆಂದು ಹಣ ಕೇಳುವ ಜಾಲತಾಣ ಹಾಗೂ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸುವುದು.

9.3 ಸಾಲ: 2015ರ ಏಪ್ರಿಲ್ 8ರಂದು ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯಲ್ಲಿ ಶಿಶು ವರ್ಗದಡಿ ರೂ. 50,000ದವರೆಗೆ, ಕಿಶೋರ್ ವರ್ಗದಡಿ ಅದಕ್ಕೂ ಮೇಲ್ಪಟ್ಟು ರೂ. 5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಅರ್ಜಿಯೊಂದಿಗೆ ಗುರುತಿನ ಹಾಗೂ ವಿಳಾಸದ ದಾಖಲೆ, ಉದ್ಯಮ್ ಪ್ರಮಾಣಪತ್ರ ಮತ್ತು ಖರೀದಿಸಲಿರುವ ಸಲಕರಣೆಗಳ ದರಪಟ್ಟಿ ಲಗತ್ತಿಸತಕ್ಕದ್ದು. ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಸೇರಿದಂತೆ ಸಮೀಪದ ಯಾವುದೇ ಬ್ಯಾಂಕ್ ಶಾಖೆಯನ್ನು ಸಂಪರ್ಕಿಸಬಹುದು.

9.4 ತರಬೇತಿ: ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳ ಡೀಸೆಲ್ ಮೆಕ್ಯಾನಿಕ್ ವೃತ್ತಿ 1 ವರ್ಷದ್ದಾಗಿರುತ್ತದೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿಯೊಂದಿಗೆ ಉಚಿತ ಅಲ್ಪಾವಧಿ ತರಬೇತಿಗಳಿವೆ. ಈ ಮಾದರಿಯ ಮೊದಲ ಸಂಸ್ಥೆಯಾದ ರುಡ್‌ಸೆಟ್ 1982ರಲ್ಲಿ ನಮ್ಮ ರಾಜ್ಯದ ಉಜಿರೆಯಲ್ಲಿ ಆರಂಭವಾಯಿತು. ಕೃಷಿ ಯಂತ್ರಗಳ ಕುರಿತು ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಶವಂತನಗರದವರು ಹೊಸಪೇಟೆಯ ಜಿಲ್ಲಾ ಕಚೇರಿಗಳಲ್ಲಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಅದರ ಜಿಲ್ಲಾ ಕೇಂದ್ರವಾಗಿದೆ. ಸಂಡೂರು ಹಾಗೂ ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇವೆ. ಆದ್ದರಿಂದ ಹೊಸಪೇಟೆ ಸಮೀಪವಿದ್ದರೂ ಬಳ್ಳಾರಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.

ಪ್ರಶ್ನೆ: ಪಿ.ಎಂ. ವಿಶ್ವಕರ್ಮ ಯೋಜನೆ ಅನ್ವಯಿಸುತ್ತದೆಯೇ?
ಉತ್ತರ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಇಂಜಿನ್ ದುರಸ್ತಿ ಸೇರಿಲ್ಲ. ಕಮ್ಮಾರಿಕೆ ಸೇರಿದೆ, ಆ ಕಸುಬನ್ನು ನಿಜವಾಗಿ ಮಾಡುವವರು ಮಾತ್ರ ಅರ್ಜಿ ಸಲ್ಲಿಸುವುದು.

ಪ್ರಶ್ನೆ: ಜಿ.ಎಸ್.ಟಿ. ನೋಂದಣಿ ಕಡ್ಡಾಯವೇ?
ಉತ್ತರ: ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಕಡ್ಡಾಯವಿಲ್ಲ.

ಪ್ರಶ್ನೆ: ಸಹಾಯಧನದಲ್ಲಿ ಪಡೆದ ಯಂತ್ರವನ್ನು ಹೊರಗಡೆ ದುರಸ್ತಿ ಮಾಡಿಸಬಹುದೇ?
ಉತ್ತರ: ಖಾತರಿ ಅವಧಿಯಲ್ಲಿ ಮೊದಲು ಸರಬರಾಜುದಾರರ ಸೇವಾ ಕೇಂದ್ರಕ್ಕೆ ಒಯ್ಯುವುದು, ಹೊರಗೆ ಬಿಚ್ಚಿಸಿದಲ್ಲಿ ಖಾತರಿ ತಪ್ಪಿಹೋಗಬಹುದು. ಕೈಪಿಡಿ ಹಾಗೂ ಬಿಡಿಭಾಗಗಳ ಮಾಹಿತಿಗಾಗಿ ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ದುರಸ್ತಿ ಹಕ್ಕು ಜಾಲತಾಣದಲ್ಲಿ ಕೃಷಿ ಉಪಕರಣಗಳೂ ಸೇರಿವೆ.

ಪ್ರಶ್ನೆ: ಸ್ವಂತ ಚೈನ್‌ಸಾ ಇದ್ದರೆ ಸ್ವಂತ ಜಮೀನಿನ ಮರ ಕಡಿಯಬಹುದೇ?
ಉತ್ತರ: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯುವುದು.

ಯೋಜನೆಗಳ ಮೊತ್ತ ಹಾಗೂ ಷರತ್ತುಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಅರ್ಜಿ ಸಲ್ಲಿಸುವ ಮೊದಲು ಗ್ರಾಮ ಒನ್ ಕೇಂದ್ರ, ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.